ಬ್ರೋಕ್‌ಬ್ಯಾಕ್ ಮೌಂಟನ್: ಬೆಂಕಿ ಹಚ್ಚಬೇಡ, ಗುರುತು ಬಿಡಬೇಡ

ಈ ಸಿನಿಮಾ ಎಂದರೆ ಎಲ್ಲರಿಗೂ ನೆನಪಾಗುವುದು ಆ ಎರಡು ಅಂಗಿಗಳು. ಅಂಗಿಗಳ ವಿಷಯಕ್ಕೆ ನಾನೂ ಬರುತ್ತೇನೆ. ಅದಕ್ಕೂ ಮುಂಚೆ ಶುರುವಿನ ಒಂದು ದೃಶ್ಯದ ಬಗ್ಗೆ ಹೇಳಬೇಕು. ಅಲ್ಲಿ ಒಬ್ಬ ಧಣಿ ಇಬ್ಬರು ಹುಡುಗರಿಗೆ ಕೆಲಸ ಹೇಳುತ್ತಾನೆ. ಜನ ಅದನ್ನು ಕಥೆಯ ಪೀಠಿಕೆ ಅಂದುಕೊಂಡು ಮುಂದೆ ಹೋಗುತ್ತಾರೆ. ನನಗೆ ಇಡೀ ಸಿನಿಮಾ ಆ ಮಾತಿನೊಳಗೇ ಇದೆ ಅನಿಸುತ್ತದೆ.

(ಕಥೆ ಪೂರ್ತಿ ಬಿಚ್ಚಿ ಹೇಳುತ್ತೇನೆ. ನೋಡದವರು ನೋಡಿ ಬನ್ನಿ.)

1963ರ ಬೇಸಿಗೆ, ಅಮೆರಿಕದ ವಯೋಮಿಂಗ್ ರಾಜ್ಯ, ಸಿಗ್ನಲ್ ಅನ್ನುವ ಪುಟ್ಟ ಊರು. ಎನಿಸ್ ಡೆಲ್ ಮಾರ್ ಮತ್ತು ಜಾಕ್ ಟ್ವಿಸ್ಟ್ ಕೆಲಸ ಕೇಳಿಕೊಂಡು ಬಂದಿದ್ದಾರೆ. ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿಲ್ಲ, ಜೇಬಿನಲ್ಲಿ ಕಾಸಿಲ್ಲ. ಧಣಿ ಜೋ ಅಗಿರೆ ಅವರನ್ನು ಮನುಷ್ಯರು ಅಂತಲೂ ಲೆಕ್ಕಕ್ಕೆ ಇಡದೆ ಗಡಗಡ ಹೇಳುತ್ತಾನೆ. ಬೆಟ್ಟದ ಮೇಲೆ ಅರಣ್ಯ ಇಲಾಖೆಯವರು ಕ್ಯಾಂಪಿಗೆ ಅಂತ ಜಾಗ ಗೊತ್ತು ಮಾಡಿದ್ದಾರೆ, ಆದರೆ ಕುರಿ ಮೇಯುವುದು ಅಲ್ಲಿಂದ ದೂರ. ಅದಕ್ಕೆ ಒಬ್ಬ ಕ್ಯಾಂಪಿನಲ್ಲಿರಲಿ. ಇನ್ನೊಬ್ಬ ಊಟ ಅಲ್ಲಿ ಮಾಡಿ ರಾತ್ರಿ ಕುರಿ ಜೊತೆಗೇ ಮಲಗಲಿ. ಚಿಕ್ಕ ಟೆಂಟು, ಯಾರ ಕಣ್ಣಿಗೂ ಬೀಳಬಾರದು. ಬೆಂಕಿ ಹಚ್ಚಬಾರದು. ಬೆಳಿಗ್ಗೆ ಟೆಂಟು ಸುತ್ತಿ ಎತ್ತಿಡಬೇಕು, ಇಲಾಖೆಯವರು ಬಂದರೆ ಏನೂ ಸಿಗಬಾರದು. ಹಿಂದಿನ ವರ್ಷ ಕಾಲು ಭಾಗದಷ್ಟು ಕುರಿ ಹೋಗಿದ್ದವಂತೆ, ಅದಕ್ಕೆ ಈ ಕಳ್ಳ ಕಾವಲು.

ಬೆಂಕಿ ಇಲ್ಲದೆ ಮಲಗು, ಕಾಣಿಸಿಕೊಳ್ಳಬೇಡ, ಬೆಳಗಾಗುವಷ್ಟರಲ್ಲಿ ಗುರುತು ಅಳಿಸು. ಒಂದು ಬೇಸಿಗೆಯ ಸಂಬಳಕ್ಕೆ ಕೊಟ್ಟ ಆರ್ಡರ್ ಇದು. ಎನಿಸ್ ಅದನ್ನು ಇಪ್ಪತ್ತು ವರ್ಷ ಪಾಲಿಸಿದ.

ಸಿನಿಮಾ 2005ರದ್ದು, 134 ನಿಮಿಷ. ನಿರ್ದೇಶಕ ಆಂಗ್ ಲೀ, ತೈವಾನಿನಲ್ಲಿ ಹುಟ್ಟಿ ಬೆಳೆದವರು. ಆನಿ ಪ್ರೂ 1997ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಪ್ರಕಟಿಸಿದ ಸಣ್ಣಕಥೆಯನ್ನು ಲ್ಯಾರಿ ಮೆಕ್‌ಮರ್ಟ್ರಿ ಮತ್ತು ಡಯಾನಾ ಒಸ್ಸಾನಾ ಚಿತ್ರಕಥೆ ಮಾಡಿದರು. ಎನಿಸ್ ಆಗಿ ಹೀತ್ ಲೆಜರ್, ಜಾಕ್ ಆಗಿ ಜೇಕ್ ಜಿಲೆನ್‌ಹಾಲ್. ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಬಂತು. ಆಸ್ಕರ್‌ಗೆ 8 ನಾಮಿನೇಷನ್ ಆಗಿ 3 ಸಿಕ್ಕಿದವು: ನಿರ್ದೇಶನ, ಚಿತ್ರಕಥೆ, ಸಂಗೀತ. ಅತ್ಯುತ್ತಮ ಚಿತ್ರದ ಪ್ರಶಸ್ತಿ 'ಕ್ರ್ಯಾಶ್' ಪಾಲಾಯಿತು. ಅದರ ಬಗ್ಗೆ ಜನ ಇವತ್ತಿಗೂ ಕಿತ್ತಾಡುತ್ತಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ.

ನನಗೆ ಆಸಕ್ತಿ ಇರುವುದು ಕುರಿಗಳಲ್ಲಿ. ನಗಬೇಡಿ. ನಮ್ಮದು ಶಿರಾ ಕಡೆ ಕುರಿ ಮನೆತನ. ಈಗ ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿಕೊಂಡಿದ್ದೇನೆ, ಅಪ್ಪ ಮಂದೆ ಮಾರಿ ಜಗಲಿ ಮೇಲೆ ಕೂತಿದ್ದಾನೆ. ಆದರೆ ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಊರು ಬಿಟ್ಟು ಹೋಗುವುದು, ಯಾರದೋ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ತರುಬುವುದು, ರಾತ್ರಿ ಕಂಬಳಿ ಹೊದ್ದು ಅರ್ಧ ನಿದ್ದೆಯಲ್ಲಿ ಮಲಗುವುದು, ಇದೆಲ್ಲ ನಮ್ಮ ಮನೆಯ ಮಾತೇ. ಈ ಸಿನಿಮಾದ ಬಗ್ಗೆ ಬರೆದವರಲ್ಲಿ ಬಹಳ ಜನ ಕುರಿಗಳನ್ನು ಬೆಟ್ಟದ ಜೊತೆ ಸೇರಿಸಿ 'ಸುಂದರ ದೃಶ್ಯ' ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಆಂಗ್ ಲೀ ಹಾಗೆ ಮುಗಿಸಿಲ್ಲ.

ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡುತ್ತಿದ್ದಾಗ ಪರದೆ ತುಂಬ ಕುರಿ ಹರಿದಿದ್ದು ಕಂಡು ಅಪ್ಪನೂ ಬಂದು ಪಕ್ಕದಲ್ಲಿ ಕೂತ. ಮಾತು ಒಂದೂ ಅರ್ಥವಾಗಲ್ಲ, ಕೆಲಸ ಮಾತ್ರ ಪೂರ್ತಿ ಅರ್ಥವಾಗುತ್ತದೆ.

"ಎಷ್ಟು ಇರಬೋದು ಇವು?"

"ಸಾವಿರ ಅಂತಪ್ಪ."

"ಇಬ್ರೇನಾ ನೋಡ್ಕಳದು? ಧಣಿಗೆ ತಲೆ ಕೆಟ್ಟೈತೆ."

ಧಣಿ ಹಾಕಿದ ಷರತ್ತನ್ನು ನಾನು ಕನ್ನಡದಲ್ಲಿ ಹೇಳಿದೆ. ಬೆಂಕಿ ಹಚ್ಚಬಾರದಂತೆ ಅಂದಾಗ ಅಪ್ಪನಿಗೆ ನಿಜಕ್ಕೂ ಸಿಟ್ಟು ಬಂತು. "ಬೆಂಕಿ ಇಲ್ದಂಗೆ ತೋಳ ಹೆಂಗ್ ಓಡುಸ್ತಾರೆ? ಕುರಿ ಉಳಿಸಾಕೆ ಅಂತ ಅಲ್ಲಿ ಮಲಗ್ಸಿ, ಬೆಂಕಿ ಬ್ಯಾಡ ಅಂದ್ರೆ?"

ಎಷ್ಟು ಸರಿಯಾದ ಮಾತು ಅಲ್ವಾ. ಅಧಿಕಾರಿಗಳ ಕಣ್ಣು ತಪ್ಪಿಸಲು ಬೆಂಕಿ ಬೇಡ ಅಂತಾನೆ ಧಣಿ. ಬೆಂಕಿ ಇಲ್ಲದಿದ್ದರೆ ಯಾವುದನ್ನು ಕಾಪಾಡಲು ಹೋದರೋ ಅದಕ್ಕೇ ಅಪಾಯ. ಬಚ್ಚಿಟ್ಟು ಉಳಿಸಿಕೊಳ್ಳುತ್ತೇನೆ ಅಂತ ಹೊರಟರೆ ಹೀಗೇ ಆಗುವುದು. ಎನಿಸ್ ಮತ್ತು ಜಾಕ್ ನಡುವೆ ಮುಂದೆ ಆಗುವುದೂ ಇದೇ.

ಶುರುವಿನಲ್ಲಿ ಕುರಿ ಜೊತೆ ಮಲಗುವುದು ಜಾಕ್, ಅಡುಗೆ ನೋಡಿಕೊಳ್ಳುವುದು ಎನಿಸ್. ಜಾಕ್‌ಗೆ ಈ ಓಡಾಟ ಸಾಕಾಗುತ್ತದೆ, ದಿನಕ್ಕೆ ನಾಲ್ಕು ಗಂಟೆ ಕುದುರೆ ಮೇಲೇ ಹೋಗುತ್ತದೆ ಅಂತ ಗೊಣಗುತ್ತಾನೆ. ಆಮೇಲೆ ಇಬ್ಬರೂ ಕೆಲಸ ಅದಲು ಬದಲು ಮಾಡಿಕೊಳ್ಳುತ್ತಾರೆ. ಒಂದು ರಾತ್ರಿ ವಿಸ್ಕಿ ಜಾಸ್ತಿಯಾಗಿ ಎನಿಸ್ ಕುರಿಗಳ ಹತ್ತಿರ ಹೋಗುವುದೇ ಇಲ್ಲ. ಕ್ಯಾಂಪಿನ ಹೊರಗೆ ನಡುಗುತ್ತ ಬಿದ್ದಿರುತ್ತಾನೆ, ಜಾಕ್ ಟೆಂಟಿನೊಳಗೆ ಕರೆಯುತ್ತಾನೆ. ಅಲ್ಲಿ ಆಗುವುದು ಆಗುತ್ತದೆ. ಆ ದೃಶ್ಯದಲ್ಲಿ ಮೃದುವಾದದ್ದು ಏನೂ ಇಲ್ಲ. ಗುದ್ದಾಟದ ಹಾಗೇ ಇದೆ. ಬೆಳಿಗ್ಗೆ ಎನಿಸ್ ಮಾತಾಡದೆ ಕುದುರೆ ಹತ್ತಿ ಮೇಲೆ ಹೋದರೆ ಒಂದು ಕುರಿ ಹೊಟ್ಟೆ ಬಗೆಸಿಕೊಂಡು ಸತ್ತು ಬಿದ್ದಿದೆ. ಕಯೋಟಿ ಅನ್ನುವ ತೋಳದ ಜಾತಿಯ ಪ್ರಾಣಿ ತಿಂದಿದೆ. ಕ್ಯಾಮೆರಾ ಅದರ ಮೇಲೆ ಒಂದು ಗಳಿಗೆ ಜಾಸ್ತಿಯೇ ನಿಲ್ಲುತ್ತದೆ.

ಟೆಂಟಿನ ದೃಶ್ಯದಲ್ಲಿ ನನಗೆ ಮುಜುಗರವಾಗಿ ಅಪ್ಪನ ಕಡೆ ನೋಡಲಿಲ್ಲ. ಅಪ್ಪನೂ ಏನೂ ಅನ್ನಲಿಲ್ಲ. ಸತ್ತ ಕುರಿ ಕಂಡ ಮೇಲೆ, "ಮಂದೆ ಬಿಟ್ಟು ಬಂದ್ರೆ ಇನ್ನೇನಾಗುತ್ತೆ ಕಣವ್ವ" ಅಂತ ಎದ್ದು ಹೋಗಿ ಮಲಗಿದ.

ಈ ಸತ್ತ ಕುರಿಯನ್ನು ಪಾಪಕ್ಕೆ ಸಿಕ್ಕ ಶಿಕ್ಷೆ ಅಂತ ಓದುವವರಿದ್ದಾರೆ. ನಾನು ಒಪ್ಪಲ್ಲ. ಸಿನಿಮಾ ಎಲ್ಲೂ ಅವರಿಬ್ಬರನ್ನು ಪಾಪಿಗಳು ಅನ್ನುವುದಿಲ್ಲ. ಆ ಕುರಿ ಎನಿಸ್‌ನ ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದು ಮುಖ್ಯ. ಅವನು ಒಂಬತ್ತು ವರ್ಷದವನಾಗಿದ್ದಾಗ ಇದೇ ಥರದ ಒಂದು ದೇಹ ನೋಡಿದ್ದಾನೆ. ಊರಲ್ಲಿ ಅರ್ಲ್ ಮತ್ತು ರಿಚ್ ಅಂತ ಇಬ್ಬರು ಗಂಡಸರು ಒಟ್ಟಿಗೆ ತೋಟ ಮಾಡಿಕೊಂಡು ಇದ್ದರು. ಅರ್ಲ್‌ನನ್ನು ಟೈರ್ ಬಿಚ್ಚುವ ಕಬ್ಬಿಣದ ರಾಡಿನಿಂದ ಹೊಡೆದು, ಎಳೆದಾಡಿ ಕೊಂದು, ಹಳ್ಳದಲ್ಲಿ ಎಸೆದಿದ್ದರು. ಎನಿಸ್‌ನ ಅಪ್ಪ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿ ಅದನ್ನು ತೋರಿಸಿದ. ಕೊಂದಿದ್ದೂ ಅವನೇ ಇರಬಹುದು ಅಂತ ಎನಿಸ್‌ಗೆ ಅನುಮಾನ. ಈ ಕಥೆಯನ್ನು ಎನಿಸ್ ಜಾಕ್‌ಗೆ ಹೇಳುವುದು ಬೆಟ್ಟದ ದಿನಗಳಾದ ನಾಲ್ಕು ವರ್ಷದ ಮೇಲೆ. ಅದನ್ನು ಕೇಳಿದ ಮೇಲೆ ಆ ಸತ್ತ ಕುರಿಯ ದೃಶ್ಯ ನೆನಪಿಗೆ ಬಂದರೆ ಮೈ ಜುಂ ಅನ್ನುತ್ತದೆ. ಮೊದಲ ರಾತ್ರಿ ಕಳೆದು ಕಣ್ಣು ಬಿಟ್ಟ ಕೂಡಲೇ ಅವನ ಮುಂದೆ ಅಪ್ಪ ತೋರಿಸಿದ ಹೆಣವೇ ಬಂದು ಬಿದ್ದ ಹಾಗಾಯಿತಲ್ಲ.

ಬೆಟ್ಟದ ವಿಷಯಕ್ಕೆ ಬಂದರೆ, ಅದೊಂದು ಸ್ವರ್ಗ, ಅಲ್ಲಿ ಇಬ್ಬರೂ ಸ್ವತಂತ್ರರು, ಕೆಳಗೆ ಸಮಾಜ ಅನ್ನುವ ಜೈಲು ಅಂತ ಎಲ್ಲರೂ ಬರೆಯುತ್ತಾರೆ. ಛಾಯಾಗ್ರಾಹಕ ರೊಡ್ರಿಗೊ ಪ್ರಿಯೆತೊ ಅಷ್ಟು ಚೆನ್ನಾಗಿ ತೋರಿಸಿದ್ದಾರೆ, ಹಾಗನಿಸುವುದರಲ್ಲಿ ತಪ್ಪಿಲ್ಲ. ಮೇಲೆ ಎಲ್ಲವೂ ಅಗಲ, ಕೆಳಗೆ ಬಂದರೆ ಇಕ್ಕಟ್ಟು ಕೋಣೆ, ಅಳುವ ಮಕ್ಕಳು, ಬಟ್ಟೆಯ ರಾಶಿ. ಅಂದ ಹಾಗೆ ಚಿತ್ರೀಕರಣ ನಡೆದದ್ದು ಬಹುಪಾಲು ಕೆನಡಾದ ಅಲ್ಬರ್ಟಾದಲ್ಲಿ. ಆದರೆ ಆ ಬೆಟ್ಟ ಅವರಿಗೆ ಕೂಲಿ ಮಾಡುವ ಜಾಗ. ಹುಲ್ಲು ಸರ್ಕಾರದ್ದು, ಕುರಿ ಧಣಿಯದ್ದು, ಇವರದ್ದು ಅಂತ ಅಲ್ಲಿ ಏನೂ ಇಲ್ಲ. ಇಬ್ಬರೂ ಅಂಗಿ ಬಿಚ್ಚಿ ನಗುತ್ತ ಹೊರಳಾಡುವಾಗ ಅಗಿರೆ ದುರ್ಬೀನಿನಲ್ಲಿ ನೋಡುತ್ತಿರುತ್ತಾನೆ. ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಆ ಒಂದು ಶಾಟ್ ಇಟ್ಟು ಆಂಗ್ ಲೀ ಸ್ವರ್ಗದ ಮಾತನ್ನೇ ಮುಗಿಸಿಬಿಟ್ಟರು.

ಮುಂದಿನ ವರ್ಷ ಜಾಕ್ ಮತ್ತೆ ಕೆಲಸ ಕೇಳಲು ಹೋದಾಗ ಅಗಿರೆ ಬೈಯುವುದು ಏನಂತ? ನಾಯಿಗಳ ಮೇಲೆ ಕುರಿ ಬಿಟ್ಟು ನೀವು ಮಜಾ ಮಾಡಲು ನಾನು ಸಂಬಳ ಕೊಟ್ಟಿರಲಿಲ್ಲ ಅಂತ. ಅವನಿಗೆ ಅಸಹ್ಯವೂ ಇದೆ, ಲೆಕ್ಕವೂ ಇದೆ. ಅಗಿರೆ ಪಾತ್ರ ಮಾಡಿದ ರಾಂಡಿ ಕ್ವೇಡ್ ಇರುವುದು ಕೆಲವೇ ದೃಶ್ಯಗಳಲ್ಲಿ. ಆದರೂ ಹೆದರಿಕೆ ಹುಟ್ಟಿಸುತ್ತಾನೆ.

ಇನ್ನೊಂದು ಕುರಿ ವಿಷಯ ಹೇಳಲೇಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ಆಲಿಕಲ್ಲು ಮಳೆ ಬಂದು ಕುರಿಗಳೆಲ್ಲ ಚೆದುರಿ ಚಿಲಿ ದೇಶದ ಕುರಿಗಾರರ ಹಿಂಡಿನ ಜೊತೆ ಬೆರೆತುಹೋಗುತ್ತವೆ. ಮೈಮೇಲಿನ ಬಣ್ಣದ ಗುರುತು ಮಾಸಿದೆ. ಯಾರದು ಯಾವುದು ಅಂತ ಬೇರ್ಪಡಿಸಲು ಇಬ್ಬರೂ ಒದ್ದಾಡುತ್ತಾರೆ. ಮಂದೆ ಬೆರೆಯುವುದು ಅಂದರೆ ಏನು ಅಂತ ಕುರಿ ಮನೆಯವರಿಗೆ ಗೊತ್ತು. ನಮ್ಮ ಕಡೆ ಅದಕ್ಕೆ ಪಂಚಾಯ್ತಿ ಆಗಿದ್ದೂ ಉಂಟು. ಕೊನೆಗೆ ಕೆಳಗೆ ಇಳಿಸಿದಾಗ ಅಗಿರೆ ನೋಡಿ, ಇದರಲ್ಲಿ ಕೆಲವು ನಿಮ್ಮ ಜೊತೆ ಮೇಲೆ ಹೋದವೇ ಅಲ್ಲ ಅನ್ನುತ್ತಾನೆ. ಅವನು ಹೇಳಿದ್ದು ಕುರಿಗೆ. ಎದುರಿಗೆ ನಿಂತ ಹುಡುಗರಿಬ್ಬರ ಮುಖ ನೋಡಿ, ಆ ಮಾತು ಅವರಿಗೂ ಸಲ್ಲುತ್ತದೆ. ಸಿನಿಮಾ ಇದನ್ನು ಒತ್ತಿ ಹೇಳುವುದಿಲ್ಲ, ಹಿನ್ನೆಲೆ ಸಂಗೀತ ಏರಿಸುವುದಿಲ್ಲ. ಅದಕ್ಕೇ ನನಗೆ ಇಷ್ಟ.

ಆಮೇಲೆ ಇಬ್ಬರಿಗೂ ಮದುವೆ, ಮಕ್ಕಳು. ನಾಲ್ಕು ವರ್ಷ ಮಾತಿಲ್ಲ, ಕಥೆಯಿಲ್ಲ. 1967ರಲ್ಲಿ ಒಂದು ಪೋಸ್ಟ್‌ಕಾರ್ಡ್ ಬರುತ್ತದೆ. ಆ ಕಡೆ ಬರುತ್ತಿದ್ದೇನೆ, ಇರ್ತೀಯಾ ಅಂತ ಜಾಕ್ ಬರೆದಿದ್ದಾನೆ. ಎನಿಸ್ ಎರಡು ಪದದ ಉತ್ತರ ಗೀಚುತ್ತಾನೆ, ಖಂಡಿತ ಇರ್ತೀನಿ ಅನ್ನುವ ಅರ್ಥದಲ್ಲಿ. ಇಪ್ಪತ್ತು ವರ್ಷದ ಪ್ರೀತಿ ಹೀಗೆ ಕಾರ್ಡಿನಲ್ಲೇ ನಡೆಯುತ್ತದೆ. ಪೋಸ್ಟ್‌ಮ್ಯಾನ್ ಓದಬಹುದು, ಹೆಂಡತಿ ಓದಬಹುದು. ಯಾರು ಓದಿದರೂ ಸಿಕ್ಕಿಬೀಳದಂಥ ಮಾತು ಮಾತ್ರ ಅದರಲ್ಲಿ ಬರೆಯಬಹುದು. ಇದೂ ಅಗಿರೆಯ ಆರ್ಡರ್ ಪ್ರಕಾರವೇ ನಡೆದಿದೆ ನೋಡಿ, ಎಲ್ಲೂ ಗುರುತು ಉಳಿಯುವ ಹಾಗಿಲ್ಲ. ಕೊನೆಗೆ ಒಂದು ಕಾರ್ಡು 'ಮೃತರು' ಅನ್ನುವ ಸೀಲು ಬಿದ್ದು ವಾಪಸ್ ಬರುತ್ತದೆ. ಜಾಕ್ ಸತ್ತಿದ್ದು ಎನಿಸ್‌ಗೆ ತಿಳಿಯುವುದು ಹಾಗೆ. ಯಾರೂ ಫೋನ್ ಮಾಡಿ ಹೇಳಲಿಲ್ಲ. ಹೇಳಬೇಕು ಅಂತ ಯಾರಿಗೆ ಗೊತ್ತಿತ್ತು?

ಆಲ್ಮಾ ಬಗ್ಗೆ ಜನ ಕಡಿಮೆ ಬರೆಯುತ್ತಾರೆ, ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಎನಿಸ್‌ನ ಹೆಂಡತಿ. ಮಿಶೆಲ್ ವಿಲಿಯಮ್ಸ್ ಮಾಡಿದ ಪಾತ್ರ. ನಾಲ್ಕು ವರ್ಷದ ನಂತರ ಜಾಕ್ ಬಂದಾಗ ಮೆಟ್ಟಿಲ ಕೆಳಗೆ ಇಬ್ಬರೂ ಮುತ್ತಿಡುವುದನ್ನು ಅವಳು ಬಾಗಿಲಿನಿಂದ ನೋಡಿಬಿಡುತ್ತಾಳೆ. ಬಾಗಿಲು ಮೆಲ್ಲಗೆ ಹಾಕಿ ಒಳಗೆ ಹೋಗುತ್ತಾಳೆ. ಒಂದು ಕೂಗಾಟ ಇಲ್ಲ. ಅಲ್ಲಿಂದ ವರ್ಷಗಟ್ಟಲೆ 'ಮೀನು ಹಿಡಿಯಲು ಹೋಗ್ತೀವಿ' ಅನ್ನುವ ಸುಳ್ಳು.

ಆ ಮೀನಿನ ಬುಟ್ಟಿ ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದ ಅತ್ಯುತ್ತಮ ವಸ್ತು. ಅಂಗಿಗಳಿಗಿಂತಲೂ. ವಿಚ್ಛೇದನ ಆಗಿ, ಅವಳು ಇನ್ನೊಬ್ಬನನ್ನು ಮದುವೆಯಾಗಿ, ಹಬ್ಬದ ಊಟಕ್ಕೆ ಎನಿಸ್‌ನನ್ನು ಕರೆದಿರುತ್ತಾಳೆ. ಊಟ ಮುಗಿದಿದೆ, ಅವಳು ಪಾತ್ರೆ ತೊಳೆಯುತ್ತಿದ್ದಾಳೆ, ಅವನು ಪಕ್ಕದಲ್ಲಿ ನಿಂತಿದ್ದಾನೆ. ಆಗ ಹೇಳುತ್ತಾಳೆ. ಒಂದು ಸಲ ನೀನು ಹೊರಡುವ ಹಿಂದಿನ ರಾತ್ರಿ ಬುಟ್ಟಿ ತೆಗೆದು ನೋಡಿದೆ. ತಂದು ಐದು ವರ್ಷವಾದರೂ ಬೆಲೆಯ ಚೀಟಿ ಹಾಗೇ ನೇತಾಡುತ್ತಿತ್ತು. ಗಾಳದ ದಾರದ ತುದಿಗೆ ನಾನೊಂದು ಚೀಟಿ ಬರೆದು ಕಟ್ಟಿದೆ: ಎನಿಸ್, ಮನೆಗೆ ಸ್ವಲ್ಪ ಮೀನು ತಾ, ಪ್ರೀತಿಯಿಂದ, ಆಲ್ಮಾ. ನೀನು ಬಂದು ಮೀನು ಹಿಡಿದು ಅಲ್ಲೇ ತಿಂದೆವು ಅಂದೆ. ಬುಟ್ಟಿ ತೆಗೆದರೆ ನನ್ನ ಚೀಟಿ ಕಟ್ಟಿದ ಹಾಗೇ ಇತ್ತು. ಆ ದಾರಕ್ಕೆ ನೀರೇ ಸೋಕಿರಲಿಲ್ಲ.

ಈ ಸಿನಿಮಾದಲ್ಲಿ ಬಾಯಿಬಿಟ್ಟು 'ಪ್ರೀತಿಯಿಂದ' ಅಂತ ಬರೆದವಳು ಅವಳೊಬ್ಬಳೇ ಅನಿಸುತ್ತದೆ. ಅದನ್ನು ಯಾರೂ ಓದಲಿಲ್ಲ. ಎನಿಸ್ ಆಗ ಅವಳ ಕೈ ತಿರುಚುತ್ತಾನೆ. ಅವನ ಮೇಲೆ ಎಷ್ಟೇ ಕನಿಕರ ಇದ್ದರೂ ಆ ಕ್ಷಣದಲ್ಲಿ ನನಗೆ ಅವನು ಇಷ್ಟವಾಗಲಿಲ್ಲ, ಇಷ್ಟವಾಗಲಿ ಅಂತ ಸಿನಿಮಾ ಕೇಳುವುದೂ ಇಲ್ಲ. ಬಚ್ಚಿಟ್ಟುಕೊಂಡ ಬದುಕಿನ ಬಿಲ್ಲು ಬರೀ ಆ ಇಬ್ಬರು ಗಂಡಸರಿಗೆ ಬಂದಿದ್ದಲ್ಲ.

ಜಾಕ್‌ನ ಹೆಂಡತಿ ಲೂರೀನ್ ಆಗಿ ಆನ್ ಹ್ಯಾಥವೇ. ಅವಳಿಗೆ ಸಿಕ್ಕಿರುವ ಜಾಗ ಕಡಿಮೆ. ಮದುವೆಯಾದ ಮೇಲೆ ಜಾಕ್ ನೆಲೆಸುವ ಟೆಕ್ಸಾಸ್‌ನ ಭಾಗ ಒಟ್ಟಾರೆ ತೆಳು. ಟ್ರ್ಯಾಕ್ಟರ್ ವ್ಯಾಪಾರದ ಮಾವ, ಅವನ ಜೊತೆ ಟಿವಿ ವಿಷಯಕ್ಕೆ ಜಾಕ್‌ನ ಜಗಳ, ಅಷ್ಟೇ. ಆದರೆ ಫೋನಿನ ದೃಶ್ಯದಲ್ಲಿ ಅವಳು ಎಲ್ಲ ತೀರಿಸಿಬಿಡುತ್ತಾಳೆ. ಗಂಡ ಹೇಗೆ ಸತ್ತ ಅಂತ ಎನಿಸ್‌ಗೆ ಒಪ್ಪಿಸುತ್ತಾಳೆ: ರಸ್ತೆ ಬದಿ ಟೈರಿಗೆ ಗಾಳಿ ತುಂಬುವಾಗ ಟೈರ್ ಸಿಡಿಯಿತು, ರಿಮ್ ಮುಖಕ್ಕೆ ಬಡಿಯಿತು, ಬಿದ್ದಲ್ಲೇ ರಕ್ತ ಉಸಿರಿಗೆ ಕಟ್ಟಿ ಸತ್ತ. ಹಲವು ಸಲ ಹೇಳಿ ಬಾಯಿಪಾಠ ಆದ ದನಿ. ಅದೇ ಹೊತ್ತಿಗೆ ನಮಗೆ ಕಾಣುವುದು ಕೆಲವು ಗಂಡಸರು ಜಾಕ್‌ನನ್ನು ಬಡಿಯುತ್ತಿರುವುದು.

ಯಾವುದು ನಿಜ? ಸಿನಿಮಾ ಹೇಳುವುದಿಲ್ಲ. ಬಹಳ ಜನ ಕೊಲೆಯೇ ಅಂತ ನಂಬುತ್ತಾರೆ. ಆ ದೃಶ್ಯ ಎನಿಸ್‌ನ ತಲೆಯೊಳಗಿನದು ಅಂತ ನನ್ನ ಓದು. ಟೈರ್ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ಅವನಿಗೆ ಕಾಣುವುದು ಆ ರಾಡು, ಆ ಹಳ್ಳ. ಬೇರೆ ಥರ ಅವನಿಗೆ ಯೋಚಿಸಲು ಬರುವುದೇ ಇಲ್ಲ. ಹಾಗಂತ ಇದು ಬರೀ ಭ್ರಮೆ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಕಥೆ ಬಂದ ಮರುವರ್ಷ, 1998ರಲ್ಲಿ, ಅದೇ ವಯೋಮಿಂಗ್‌ನ ಲ್ಯಾರಮಿ ಊರಿನಲ್ಲಿ ಮ್ಯಾಥ್ಯೂ ಶೆಪರ್ಡ್ ಅನ್ನುವ 21 ವರ್ಷದ ಗೇ ವಿದ್ಯಾರ್ಥಿಯನ್ನು ಬೇಲಿಗೆ ಕಟ್ಟಿ ಹೊಡೆದರು, ಅವನು ಆಸ್ಪತ್ರೆಯಲ್ಲಿ ಸತ್ತ. ಜಾಕ್ ಬಾಳಿ ಸತ್ತ ಟೆಕ್ಸಾಸ್‌ನಲ್ಲಿ ಇಬ್ಬರು ಗಂಡಸರ ಸಂಬಂಧ ಅಪರಾಧ ಅನ್ನುವ ಕಾನೂನು ಬಿದ್ದದ್ದು 2003ರಲ್ಲಿ, ಅದೂ ಸುಪ್ರೀಂ ಕೋರ್ಟಿನಿಂದ. ನಮ್ಮಲ್ಲಿ ಇದನ್ನೇ ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಾಗ ಬಿದ್ದದ್ದು 2018ರ ಸೆಪ್ಟೆಂಬರಿನಲ್ಲಿ, ಹಾಗಾಗಿ ಅವರನ್ನು ನೋಡಿ ನಾವು ಜಂಬ ಪಡುವಂಥದ್ದು ಏನೂ ಇಲ್ಲ.

ಎನಿಸ್ ಆಮೇಲೆ ಜಾಕ್‌ನ ಅಪ್ಪ ಅಮ್ಮನ ಮನೆಗೆ ಹೋಗುತ್ತಾನೆ. ತನ್ನ ಬೂದಿಯನ್ನು ಬ್ರೋಕ್‌ಬ್ಯಾಕ್ ಬೆಟ್ಟದ ಮೇಲೆ ಹರಡಬೇಕು ಅಂತ ಜಾಕ್ ಆಸೆಪಟ್ಟಿದ್ದ. ಮೂಲ ಕಥೆಯಲ್ಲಿ ಒಂದು ವಿಷಯ ಸ್ಪಷ್ಟವಾಗಿದೆ, ಇಪ್ಪತ್ತು ವರ್ಷದಲ್ಲಿ ಅವರು ಎಷ್ಟೋ ಬೆಟ್ಟ ತಿರುಗುತ್ತಾರೆ, ಬ್ರೋಕ್‌ಬ್ಯಾಕ್‌ಗೆ ಮಾತ್ರ ಮತ್ತೆ ಹೋಗುವುದಿಲ್ಲ. ಜಾಕ್‌ನ ಅಪ್ಪ ಬೂದಿ ಕೊಡುವುದಿಲ್ಲ, ನಮ್ಮ ಮನೆತನದ ಜಾಗದಲ್ಲೇ ಮಣ್ಣು ಮಾಡುತ್ತೇವೆ ಅನ್ನುತ್ತಾನೆ. ಅಮ್ಮ, ಅವನ ಕೋಣೆ ಮೊದಲು ಹೇಗಿತ್ತೋ ಹಾಗೇ ಇಟ್ಟಿದ್ದೇನೆ, ಬೇಕಾದರೆ ಹೋಗಿ ನೋಡಿ ಬಾ ಅನ್ನುತ್ತಾಳೆ. ಬಿಳೀ ಗೋಡೆ, ಖಾಲಿ ಖಾಲಿ ಮನೆ. ಮೇಲೆ ಕಪಾಟಿನ ಮೂಲೆಯಲ್ಲಿ ಜಾಕ್‌ನ ಡೆನಿಮ್ ಅಂಗಿ. ಅದರೊಳಗೆ, ತೋಳಿನೊಳಗೆ ತೋಳು ತೂರಿಸಿ, ಎನಿಸ್‌ನ ಚೌಕಳಿ ಅಂಗಿ. ಬೆಟ್ಟದಲ್ಲೇ ಮರೆತು ಬಂದೆ ಅಂತ ಅವನು ಅಂದುಕೊಂಡಿದ್ದ ಅಂಗಿ. ಕೊನೆಯ ದಿನ ಇಬ್ಬರೂ ಹೊಡೆದಾಡಿಕೊಂಡಾಗ ಎನಿಸ್‌ನ ಮೂಗಿನಿಂದ ಸುರಿದ ರಕ್ತ ತೋಳಿನ ಮೇಲೆ ಒಣಗಿ ಕಂದಾಗಿದೆ.

ಎಲ್ಲರೂ ಇಲ್ಲಿ ಒಳಗಿನ ಅಂಗಿ, ಹೊರಗಿನ ಅಂಗಿ ಅಂತ ಮಾತಾಡುತ್ತಾರೆ. ನನಗೆ ಕಂಡಿದ್ದು ಆ ರಕ್ತದ ಕಲೆ. ಇಷ್ಟು ವರ್ಷ ಆ ಕೋಣೆ ಗುಡಿಸಿ ಒರೆಸಿದ ಅಮ್ಮ ಮಗನ ಕೊಳಕು ಅಂಗಿ ಕಂಡರೆ ತೊಳೆಯದೆ ಬಿಡುತ್ತಾಳಾ? ಅವಳಿಗೆ ಗೊತ್ತಿತ್ತು ಅನ್ನುವುದು ನನ್ನ ಗಟ್ಟಿ ಅನುಮಾನ. ಎನಿಸ್ ಅಂಗಿಗಳನ್ನು ಕೈಯಲ್ಲಿ ಹಿಡಿದು ಕೆಳಗೆ ಬಂದಾಗ ಅವಳು ಒಂದು ಪ್ರಶ್ನೆ ಕೇಳುವುದಿಲ್ಲ. ಕಾಗದದ ಚೀಲ ತಂದು ಅದರೊಳಗೆ ಇಡುತ್ತಾಳೆ, ಮತ್ತೆ ಬಾ ಅನ್ನುತ್ತಾಳೆ. ಗಂಡ ಅಡುಗೆಮನೆಯ ಮೇಜಿನ ಮುಂದೆ ಕೂತೇ ಇದ್ದಾನೆ. ಅಮ್ಮನ ಪಾತ್ರ ಮಾಡಿದ್ದು ರಾಬರ್ಟಾ ಮ್ಯಾಕ್ಸ್‌ವೆಲ್ ಅನ್ನುವ ನಟಿ. ಐದಾರು ಮಾತು ಇರಬಹುದು ಅವಳಿಗೆ, ಅಷ್ಟರಲ್ಲೇ ಮನಸ್ಸಿನಲ್ಲಿ ಉಳಿಯುತ್ತಾಳೆ.

ಈಗ ಬೆಂಕಿಯ ಮಾತಿಗೆ ವಾಪಸ್ ಬರುತ್ತೇನೆ. ಇಬ್ಬರ ಕೊನೆಯ ಭೇಟಿಯಲ್ಲಿ ದೊಡ್ಡ ಜಗಳ. ನಾವಿಬ್ಬರೂ ಸೇರಿ ಒಂದು ಸಣ್ಣ ತೋಟ ಮಾಡಿಕೊಂಡು ಚೆನ್ನಾಗಿ ಬದುಕಬಹುದಿತ್ತು, ನಿನಗೆ ಬೇಡವಾಯಿತು ಅನ್ನುತ್ತಾನೆ ಜಾಕ್. ನಿನ್ನನ್ನು ಬಿಡುವುದು ಹೇಗೆ ಅಂತ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅಳುತ್ತಾನೆ. ಈ ಡೈಲಾಗ್ ಆಮೇಲೆ ತಮಾಷೆ ವಿಡಿಯೋಗಳಿಗೆಲ್ಲ ಬಳಕೆಯಾಗಿ ಸವೆದುಹೋಗಿದೆ, ಸಿನಿಮಾದೊಳಗೆ ಕೇಳಿದರೆ ಮಾತ್ರ ಸವೆದಿಲ್ಲ. ಅದರ ಹಿಂದೆಯೇ ಒಂದು ಹಳೆಯ ನೆನಪು ಬರುತ್ತದೆ. ಬೆಟ್ಟದ ಕ್ಯಾಂಪು. ಜಾಕ್ ಬೆಂಕಿಯ ಮುಂದೆ ನಿಂತು ತೂಕಡಿಸುತ್ತಿದ್ದಾನೆ. ಎನಿಸ್ ಹಿಂದಿನಿಂದ ಬಂದು ತಬ್ಬಿಕೊಂಡು, ಕುದುರೆ ಥರ ನಿಂತೇ ಮಲಗಿದ್ದೀಯಲ್ಲೋ ಅಂತ ರೇಗಿಸಿ, ತನ್ನಮ್ಮ ಹಾಡುತ್ತಿದ್ದ ಏನನ್ನೋ ಗುನುಗುತ್ತಾನೆ. ಅವಸರ ಇಲ್ಲ, ಗುದ್ದಾಟ ಇಲ್ಲ. ಇಡೀ ಸಿನಿಮಾದಲ್ಲಿ ನೆಮ್ಮದಿಯ ಅಪ್ಪುಗೆ ಅಂದರೆ ಇದೊಂದೇ. ಆಮೇಲೆ ಎನಿಸ್, ಹೊರಡಬೇಕು, ಬೆಳಿಗ್ಗೆ ಸಿಗ್ತೀನಿ ಅಂತ ಕುದುರೆ ಹತ್ತಿ ಹೊರಟುಬಿಡುತ್ತಾನೆ. ಎಲ್ಲಿಗೆ? ಕುರಿಗಳ ಹತ್ತಿರ. ಬೆಂಕಿ ಹಚ್ಚುವ ಹಾಗಿಲ್ಲದ ಆ ಜಾಗಕ್ಕೆ.

ಜಾಕ್ ಅವನು ಹೋಗುವುದನ್ನೇ ನೋಡುತ್ತ ನಿಲ್ಲುತ್ತಾನೆ. ಕಟ್ ಆದರೆ, ವಯಸ್ಸಾದ ಜಾಕ್ ಎನಿಸ್‌ನ ಟ್ರಕ್ ಹೋಗುವುದನ್ನು ನೋಡುತ್ತ ನಿಂತಿದ್ದಾನೆ. ಆ ಬೇಸಿಗೆಯಲ್ಲೂ ಎನಿಸ್ ಎದ್ದು ಹೋದ, ಈಗಲೂ ಎದ್ದು ಹೋದ. ಬೆಂಕಿ ಹಚ್ಚೋಣ ಅನ್ನುತ್ತಲೇ ಇದ್ದವನು ಜಾಕ್. ಸರಿಮಾಡಲು ಆಗದಿದ್ದರೆ ಸಹಿಸಿಕೊಳ್ಳಬೇಕು ಅನ್ನುವವನು ಎನಿಸ್. ಸಹಿಸುವುದನ್ನು ಅವನು ಪ್ರೀತಿ ಅಂತಲೇ ತಿಳಿದಿದ್ದ, ನನಗೆ ಅವನ ಮೇಲೆ ಸಿಟ್ಟು ಬರುವುದು ಅಲ್ಲೇ. ಹೀತ್ ಲೆಜರ್ ಆ ಸಹಿಸುವಿಕೆಯನ್ನು ದವಡೆಯಲ್ಲಿ ಹಿಡಿದಿಟ್ಟುಕೊಂಡು ನಟಿಸಿದ್ದಾನೆ. ಬಾಯಿ ಬಿಗಿ, ಹೆಗಲು ಬಿಗಿ, ಕಣ್ಣು ನೆಲದ ಮೇಲೆ. 2008ರಲ್ಲಿ 28ನೇ ವಯಸ್ಸಿಗೇ ಹೋಗಿಬಿಟ್ಟ ಅವನು.

ಕೊರತೆಗಳೂ ಇವೆ. ವಯಸ್ಸು ತೋರಿಸುವ ಮೇಕಪ್ ಪೇಲವ. ಜಾಕ್‌ಗೆ ಮೀಸೆ ಅಂಟಿಸಿ, ಸ್ವಲ್ಪ ಹೊಟ್ಟೆ ಬರಿಸಿ, ಇವನಿಗೆ ನಲವತ್ತು ಅಂತ ನಂಬಿ ಅಂದರೆ ಕಷ್ಟ. ಸ್ವಾತಂತ್ರ್ಯ ದಿನಾಚರಣೆಯ ರಾತ್ರಿ ಎನಿಸ್ ಇಬ್ಬರು ಪುಂಡರನ್ನು ಹೊಡೆದು ನಿಂತಾಗ ಅವನ ತಲೆಯ ಹಿಂದೆ ಪಟಾಕಿ ಸಿಡಿಯುವ ಶಾಟ್ ಇದೆ. ಪೋಸ್ಟರ್‌ಗೆ ಚೆನ್ನಾಗಿದೆ, ಆದರೆ ಇಷ್ಟು ಮೆಲ್ಲಗೆ ಮಾತಾಡುವ ಸಿನಿಮಾದಲ್ಲಿ ಅದೊಂದು ಮೈಕ್ ಹಿಡಿದು ಕೂಗಿದ ಹಾಗಿದೆ. ಇವೆರಡಕ್ಕೆ ಅರ್ಧ ಸ್ಟಾರ್ ಕಟ್. ಐದಕ್ಕೆ ನಾಲ್ಕೂವರೆ. ಗುಸ್ತಾವೊ ಸಾಂತಾವೊಲಾಲ್ಲಾ ಅವರ ಗಿಟಾರ್ ಬೇಕಾದಾಗ ಬಂದು, ಬೇಡವಾದಾಗ ಸುಮ್ನೆ ಇರುತ್ತದೆ. ಆಸ್ಕರ್ ಬಂದದ್ದು ನ್ಯಾಯ.

ಕೊನೆಯ ಭಾಗದಲ್ಲಿ ಎನಿಸ್ ಒಂಟಿಯಾಗಿ ಟ್ರೇಲರ್ ಮನೆಯಲ್ಲಿದ್ದಾನೆ. ಅಂಚೆ ಡಬ್ಬಿಗೆ 17 ಅನ್ನುವ ನಂಬರ್ ಅಂಟಿಸುತ್ತಾನೆ. ಕಾರ್ಡು ಹಾಕುವವನು ಸತ್ತ ಮೇಲೆ ಅವನಿಗೆ ವಿಳಾಸ ಬಂತು. ದೊಡ್ಡ ಮಗಳು ಬಂದು ಮದುವೆ ಗೊತ್ತಾಗಿದೆ ಅಂತ ಹೇಳುತ್ತಾಳೆ. ಹುಡುಗ ನಿನ್ನನ್ನು ಪ್ರೀತಿಸುತ್ತಾನಾ ಅಂತ ಕೇಳುತ್ತಾನೆ. ಅವನ ಬಾಯಲ್ಲಿ ಆ ಪದ! ಅವಳ ಮದುವೆಯ ಹೊತ್ತಿಗೆ ಅವನಿಗೆ ದನ ಕಾಯುವ ಕೆಲಸ ಇದೆ. ಜಾಕ್ ಕರೆದಾಗೆಲ್ಲ ಇದೇ ನೆಪ ಹೇಳಿದವನು, ಈಗ ಒಂದು ಗಳಿಗೆ ಸುಮ್ಮನಿದ್ದು, ಅವರು ಬೇರೆ ಆಳು ನೋಡಿಕೊಳ್ಳಲಿ ಬಿಡು, ಬರ್ತೀನಿ ಅನ್ನುತ್ತಾನೆ. ಧಣಿಯ ಮಾತು ಮೀರಿದ್ದು ಇದೇ ಮೊದಲು. ಅವಳು ಹೋದ ಮೇಲೆ ಕಪಾಟು ತೆಗೆದರೆ ಆ ಎರಡು ಅಂಗಿಗಳು. ಈಗ ಹೊರಗಿರುವುದು ಎನಿಸ್‌ನ ಅಂಗಿ, ಜಾಕ್‌ನದು ಒಳಗೆ. ಯಾವಾಗ ಬದಲಾಯಿಸಿದ ಅಂತ ಸಿನಿಮಾ ತೋರಿಸುವುದಿಲ್ಲ. ಅವನನ್ನು ತಬ್ಬಿ ಕಾಪಾಡುವ ಅವಕಾಶ ಇದ್ದಾಗ ಮಾಡದ್ದನ್ನು ಹ್ಯಾಂಗರಿನ ಮೇಲೆ ಮಾಡಿದ್ದಾನೆ. ಇದು ತುಂಬ ಸುಂದರವಾದ ಪ್ರೀತಿ ಅಂತ ಕೆಲವರು ಬರೆಯುತ್ತಾರೆ. ನನಗೆ ಹೊಟ್ಟೆ ಉರಿಯಿತು. ಬಟ್ಟೆಗೆ ಸಿಕ್ಕಿದ ಧೈರ್ಯ ಮನುಷ್ಯನಿಗೆ ಸಿಗಲಿಲ್ಲವಲ್ಲ ಅಂತ.

ನೋಡುವವರಿಗೆ ಎರಡು ಮಾತು. ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಎನಿಸ್ ಹಲ್ಲು ಕಚ್ಚಿಕೊಂಡೇ ಮಾತಾಡುತ್ತಾನೆ, ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಅರ್ಧ ತಪ್ಪಿಹೋಗುತ್ತದೆ. ಮೂಲ ಕಥೆ ಓದುವುದಾದರೆ ಸಿನಿಮಾ ಆದ ಮೇಲೆ ಓದಿ, ಒಂದೇ ಸಲ ಕೂತರೆ ಮುಗಿಯುತ್ತದೆ. ಆನಿ ಪ್ರೂ ಬರವಣಿಗೆ ಒರಟು, ಆಂಗ್ ಲೀ ಮಾಡಿದಷ್ಟು ಚಂದ ಮಾಡಿಲ್ಲ. ಅಲ್ಲಿ ಬೆಟ್ಟದ ಚಳಿ ಇನ್ನೂ ಜಾಸ್ತಿ, ಕುರಿಗಳ ವಾಸನೆಯೂ ಜಾಸ್ತಿ.